ಪ್ರಾರ್ಥನಾ ಪುಸ್ತಕದ ಮೊದಲ ಪುಟಗಳಲ್ಲಿರುವ ಕಾಯಿದೆ

೧೫೫೯ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಸಾಮಾನ್ಯ ಪ್ರಾರ್ಥನೆಯ ಪುಸ್ತಕವನ್ನು ತೆರೆದವರಿಗೆ ಪ್ರಾರ್ಥನೆಗಿಂತ ಮೊದಲು ಎದುರಾಗುವುದು ಪಾರ್ಲಿಮೆಂಟಿನ ಒಂದು ಕಾಯಿದೆ. ಈ ಪುಸ್ತಕದಲ್ಲಿರುವಂತೆಯೇ ಆರಾಧನೆ ನಡೆಯತಕ್ಕದ್ದು, ನಡೆಸದ ಸಭಾಪಾಲಕನಿಗೆ ಇಂತಿಂಥ ಶಿಕ್ಷೆ, ಆರಾಧನೆಗೆ ಬಾರದ ಪ್ರಜೆಗೆ ಇಷ್ಟು ದಂಡ ಎಂದು ಅದು ವಿವರವಾಗಿ ವಿಧಿಸುತ್ತದೆ. ಮುನ್ನುಡಿ, ಪಾಠಗಳ ಪಟ್ಟಿ, ಪಂಚಾಂಗ ಇವೆಲ್ಲ ಅದರ ನಂತರ. ಪಾಪನಿವೇದನೆಯೂ ಕೀರ್ತನೆಗಳೂ ಕರ್ತನ ಭೋಜನದ ಕ್ರಮವೂ ಇನ್ನೂ ಮುಂದಿನ ಪುಟಗಳಲ್ಲಿವೆ. ನಮ್ಮ ದೈವಜ್ಞಾನ ಶಾಲೆಗಳಲ್ಲಿ ಆರಾಧನಾಶಾಸ್ತ್ರವನ್ನು ಕಲಿಸುವವರು ಸಾಮಾನ್ಯವಾಗಿ ಈ ಮೊದಲ ಪುಟಗಳನ್ನು ಮಗುಚಿ ನೇರವಾಗಿ ಪ್ರಾರ್ಥನೆಗಳಿಗೆ ಹೋಗುತ್ತಾರೆ. ಸಭಾಚರಿತ್ರೆಯನ್ನು ಕಲಿಸುವವರಾದರೋ ಕಾಯಿದೆಯ ವರ್ಷವನ್ನು ಬರೆಯಿಸಿ ಪ್ರಾರ್ಥನೆಗಳ ಗೋಜಿಗೆ ಹೋಗುವುದಿಲ್ಲ. ಒಂದೇ ರಟ್ಟಿನೊಳಗೆ ಕಟ್ಟಿದ್ದನ್ನು ನಾವು ಎರಡು ತರಗತಿಗಳಿಗೆ ಹಂಚಿಬಿಟ್ಟಿದ್ದೇವೆ.

ಈ ಹಂಚಿಕೆಯಿಂದ ಒಂದು ಅಭಿಪ್ರಾಯ ನಮ್ಮ ನಡುವೆ ಬೇರೂರಿದೆ. ಎಂಟನೆಯ ಹೆನ್ರಿಯ ಒರಟುತನ, ಆರನೆಯ ಎಡ್ವರ್ಡನ ಕಾಲದ ಆತುರ, ಮೇರಿಯ ಬೆಂಕಿ ಇವೆಲ್ಲ ಮುಗಿದ ಮೇಲೆ ಮೊದಲನೆಯ ಎಲಿಜಬೆತಳು ಮಧ್ಯಮಾರ್ಗವೊಂದನ್ನು ಕಂಡುಕೊಂಡಳು, ಇಂಗ್ಲಿಷ್ ಸಭೆಯ ಸಮತೋಲನ ಅಲ್ಲಿಂದ ಹುಟ್ಟಿತು ಎಂಬುದೇ ಆ ಅಭಿಪ್ರಾಯ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇದು ತಪ್ಪದೆ ಬರುತ್ತದೆ. ಇದರಲ್ಲಿ ಸತ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪ್ರಾರ್ಥನೆಯ ಪುಟಗಳಲ್ಲಿ ಕಾಣುವ ಔದಾರ್ಯವನ್ನು ಕಾಯಿದೆಯ ಪುಟಗಳಿಗೂ ಆರೋಪಿಸುವುದು ಸರಿಯಾದ ಓದಲ್ಲವೆಂಬುದು ನಮ್ಮ ವಾದ. ಕಾಯಿದೆಯ ಕಠೋರತೆಯನ್ನು ಕಂಡು ಪ್ರಾರ್ಥನೆಗಳೆಲ್ಲ ರಾಜಕೀಯದ ಕೂಸು ಎಂದು ತಳ್ಳಿಹಾಕುವುದೂ ಅಷ್ಟೇ ದೋಷಯುಕ್ತ. ಈ ಎರಡನ್ನೂ ಒಂದೇ ಗ್ರಂಥವೆಂದು ಓದಿದಾಗ ಏನು ಕಾಣುತ್ತದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಕಾಯಿದೆ ಪ್ರಾರ್ಥನೆಗಿಂತ ಮೊದಲು ಬಂದದ್ದು ಮುದ್ರಣಾಲಯದಲ್ಲಿ ಮಾತ್ರವಲ್ಲ. ೧೫೩೩ರಲ್ಲಿ ರೋಮಿಗೆ ಮೇಲ್ಮನವಿ ಸಲ್ಲಿಸುವುದನ್ನು ಪಾರ್ಲಿಮೆಂಟು ನಿಷೇಧಿಸಿತು. ೧೫೩೪ರಲ್ಲಿ ಅರಸನನ್ನು ಇಂಗ್ಲಿಷ್ ಸಭೆಯ ಪರಮ ಶಿರಸ್ಸೆಂದು ಘೋಷಿಸಿತು. ೧೫೩೬ರಿಂದ ೧೫೪೦ರೊಳಗೆ ಮಠಗಳೆಲ್ಲ ಮುಚ್ಚಿ ಅವುಗಳ ಆಸ್ತಿ ಅರಸೊತ್ತಿಗೆಗೆ ಸೇರಿತು. ಇಷ್ಟೆಲ್ಲ ಆದರೂ ಹಳ್ಳಿಯ ದೇವಾಲಯದಲ್ಲಿ ಬಲಿಪೂಜೆ ಲತೀನಿನಲ್ಲೇ ನಡೆಯುತ್ತಿತ್ತು. ಹೆನ್ರಿಯ ಆಳ್ವಿಕೆಯಲ್ಲಿ ಇಂಗ್ಲಿಷಿಗೆ ಬಂದ ಮುಖ್ಯ ಆರಾಧನಾ ಪಠ್ಯವೆಂದರೆ ೧೫೪೪ರ ಲಿಟನಿ ಒಂದೇ. ಒಡೆತನ ಮೊದಲು ಬದಲಾಯಿತು, ಆರಾಧನೆ ಆಮೇಲೆ.

ಈ ಒಡೆತನದ ಸ್ವರೂಪವನ್ನು ತಿಳಿಯಲು ೧೫೩೯ರ ಮಹಾ ಸತ್ಯವೇದದ ಮುಖಪುಟಚಿತ್ರವನ್ನು ನೋಡಬೇಕು. ಚಿತ್ರದ ಮೇಲ್ಭಾಗದಲ್ಲಿ ಹೆನ್ರಿ ಸಿಂಹಾಸನಾರೂಢನಾಗಿದ್ದಾನೆ. ಅವನ ಒಂದು ಕಡೆ ಆರ್ಚ್‌ಬಿಷಪ್ ಕ್ರ್ಯಾನ್ಮರ್, ಇನ್ನೊಂದು ಕಡೆ ಮಂತ್ರಿ ಥಾಮಸ್ ಕ್ರಾಮ್ವೆಲ್. ಅರಸನು ಇಬ್ಬರಿಗೂ ದೇವರ ವಾಕ್ಯದ ಪುಸ್ತಕವನ್ನು ನೀಡುತ್ತಿದ್ದಾನೆ. ಅದು ಅವರ ಕೈಯಿಂದ ಕೆಳಗಿನ ಯಾಜಕರಿಗೂ ಗೌರವಸ್ಥರಿಗೂ ದಾಟುತ್ತದೆ. ತೀರ ಕೆಳಗೆ ಜನಸಾಮಾನ್ಯರು ಬೋಧನೆಯನ್ನು ಕೇಳುತ್ತಿದ್ದಾರೆ. ಅವರ ಬಾಯಿಂದ ಹೊರಟ ಪಟ್ಟಿಗಳಲ್ಲಿ ಬರೆದಿರುವುದು ಅರಸನಿಗೆ ಜಯಕಾರ. ದೇವರಿಗಾದರೋ ಅರಸನ ತಲೆಯ ಮೇಲಿನ ಇಕ್ಕಟ್ಟಾದ ಜಾಗವೇ ಗತಿ. ಸತ್ಯವೇದವು ಜನರ ಭಾಷೆಯಲ್ಲಿ ಜನರ ಬಳಿಗೆ ಬಂದಿತೆಂದು ನಾವು ಸಂತೋಷದಿಂದ ಕಲಿಸುವ ಘಟನೆಯ ಅಧಿಕೃತ ಚಿತ್ರ ಇದು. ವಾಕ್ಯವು ಮೇಲಿನಿಂದ ಕೆಳಕ್ಕೆ, ಪದವಿಯ ಮೆಟ್ಟಿಲುಗಳ ಮೂಲಕ ಇಳಿಯುತ್ತದೆ.

ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳಲೂ ಬಲ್ಲನು. ೧೫೪೩ರ ಕಾಯಿದೆಯೊಂದು ಕುಶಲಕರ್ಮಿಗಳು, ಅವರ ಕೈಕೆಳಗೆ ಕಸಬು ಕಲಿಯುವ ಹುಡುಗರು, ಆಳುಗಳು, ರೈತರು, ಕೂಲಿಗಳು ಮತ್ತು ಸಾಮಾನ್ಯ ಸ್ತ್ರೀಯರು ಇಂಗ್ಲಿಷ್ ಸತ್ಯವೇದವನ್ನು ಓದಬಾರದೆಂದು ನಿಷೇಧಿಸಿತು. ಕುಲೀನ ಸ್ತ್ರೀಯರು ಮಾತ್ರ ಏಕಾಂತದಲ್ಲಿ ಓದಿಕೊಳ್ಳಬಹುದಿತ್ತು. ಇದಕ್ಕೆ ಮೂರು ವರ್ಷ ಮೊದಲು, ೧೫೪೦ರ ಜುಲೈ ೩೦ರಂದು, ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಆರು ಮಂದಿಗೆ ಒಟ್ಟಿಗೆ ಮರಣದಂಡನೆಯಾಗಿತ್ತು. ರಾಬರ್ಟ್ ಬಾರ್ನ್ಸ್ ಮೊದಲಾದ ಮೂವರು ಸುಧಾರಕರನ್ನು ಪಾಷಂಡಿಗಳೆಂದು ಸುಟ್ಟರು. ಪೋಪನನ್ನು ಬಿಡದ ಮೂವರು ಯಾಜಕರನ್ನು ರಾಜದ್ರೋಹಿಗಳೆಂದು ಗಲ್ಲಿಗೇರಿಸಿ ಕಡಿದರು. ಇದನ್ನೂ ಮಧ್ಯಮಾರ್ಗವೆಂದು ಯಾರಾದರೂ ಕರೆದಾರೇ ಎಂದು ಕೇಳಬಹುದು. ಹೆನ್ರಿಯ ದೃಷ್ಟಿಯಲ್ಲಿ ಅದು ಮಧ್ಯಮಾರ್ಗವೇ ಆಗಿತ್ತು. ಮಧ್ಯ ಎಲ್ಲಿದೆ ಎಂಬುದನ್ನು ಅಳೆಯುವ ಕೋಲು ಅವನ ಕೈಯಲ್ಲಿತ್ತು.

೧೫೪೯ರ ಜೂನ್ ೯, ಪಂಚಾಶತ್ತಮ ದಿನದಂದು ಮೊದಲ ಪ್ರಾರ್ಥನಾ ಪುಸ್ತಕ ಬಳಕೆಗೆ ಬಂತು. ಪವಿತ್ರಾತ್ಮನು ನಾನಾ ಭಾಷೆಗಳ ಜನರೊಂದಿಗೆ ಅವರವರ ನುಡಿಯಲ್ಲಿ ಮಾತನಾಡಿದ ಹಬ್ಬವನ್ನು ಇಡೀ ರಾಜ್ಯಕ್ಕೆ ಒಂದೇ ಭಾಷೆಯ ಆರಾಧನೆಯನ್ನು ವಿಧಿಸಲು ಆರಿಸಿಕೊಂಡದ್ದರಲ್ಲಿ ಯಾರಿಗೂ ವ್ಯಂಗ್ಯ ಕಂಡಂತಿಲ್ಲ. ಕ್ರ್ಯಾನ್ಮರನ ಈ ಕೃತಿಯ ಗುಣಗಳನ್ನು ಕಡಿಮೆಮಾಡಿ ಹೇಳುವ ಉದ್ದೇಶ ನಮಗಿಲ್ಲ. ಯಾಜಕನ ಗೊಣಗು ಸಭೆಗೆ ಕೇಳುವ ಮಾತಾಯಿತು. ವಿಶ್ವಾಸಿಗಳಿಗೆ ಪಾತ್ರೆಯಲ್ಲಿ ಪಾಲು ದೊರೆಯಿತು. ಸತ್ಯವೇದವನ್ನು ಬಿಡಿಬಿಡಿಯಾಗಿ ಕತ್ತರಿಸದೆ ಕ್ರಮವಾಗಿ ಓದುವ ವ್ಯವಸ್ಥೆ ಬಂತು. ಹಿಂದೆ ಆ ದಿನ ಓದಬೇಕಾದದ್ದನ್ನು ಹುಡುಕುವ ಶ್ರಮವೇ ಓದುವ ಶ್ರಮಕ್ಕಿಂತ ಹೆಚ್ಚಾಗಿತ್ತೆಂದು ಅವನು ಮುನ್ನುಡಿಯಲ್ಲಿ ಹಾಸ್ಯದ ಧಾಟಿಯಲ್ಲಿ ದೂರುತ್ತಾನೆ. ಅದೇ ಮುನ್ನುಡಿಯಲ್ಲಿ, ಸಾಲ್ಸ್‌ಬರಿ, ಹೆರ್ಫರ್ಡ್, ಬ್ಯಾಂಗರ್, ಯಾರ್ಕ್, ಲಿಂಕನ್ ಎಂದು ಪ್ರಾಂತಕ್ಕೊಂದು ಪದ್ಧತಿಯಿದ್ದದ್ದು ಹೋಗಿ ಇನ್ನು ಮುಂದೆ ರಾಜ್ಯಕ್ಕೆಲ್ಲ ಒಂದೇ ಪದ್ಧತಿಯೆಂದು ಅವನು ತೃಪ್ತಿಯಿಂದ ಹೇಳುತ್ತಾನೆ. ಮೊದಲನೆಯ ಮಾತು ಪಾಲಕನದು. ಎರಡನೆಯದರಲ್ಲಿ ಆಡಳಿತಗಾರನ ಧ್ವನಿಯಿದೆ. ಎರಡೂ ಒಂದೇ ಲೇಖನಿಯಿಂದ, ಒಂದೇ ಪುಟದಲ್ಲಿ ಹೊರಟಿವೆ.

ಮರುದಿನವೇ ಡೆವನ್ ಪ್ರಾಂತದ ಸ್ಯಾಂಪ್‌ಫರ್ಡ್ ಕೋರ್ಟ್ನಿ ಎಂಬ ಹಳ್ಳಿಯ ಜನ ಹಳೆಯ ಪೂಜೆಯನ್ನೇ ನಡೆಸುವಂತೆ ತಮ್ಮ ಯಾಜಕನನ್ನು ಒತ್ತಾಯಿಸಿದರು. ಅಲ್ಲಿಂದ ಹಬ್ಬಿದ ದಂಗೆಗೆ ಕಾರ್ನ್‌ವಾಲಿನವರೂ ಸೇರಿದರು. ಹೊಸ ಆರಾಧನೆ ಕ್ರಿಸ್ಮಸ್ ಕಾಲದ ಆಟದಂತಿದೆಯೆಂದು ಅವರು ಹಳಿದರು. ಕಾರ್ನಿಷ್ ಜನರಲ್ಲಿ ಕೆಲವರಿಗೆ ಇಂಗ್ಲಿಷೇ ತಿಳಿಯದು, ಆದುದರಿಂದ ಈ ಇಂಗ್ಲಿಷ್ ಕ್ರಮ ತಮಗೆ ಬೇಡ ಎಂದರು. ಕ್ರ್ಯಾನ್ಮರ್ ಬರೆದ ಉತ್ತರ ತರ್ಕದಲ್ಲಿ ಚುರುಕಾಗಿದೆ: ನಿಮ್ಮಲ್ಲಿ ಇಂಗ್ಲಿಷ್ ಬಲ್ಲವರು ಹೆಚ್ಚೋ, ಲತೀನ್ ಬಲ್ಲವರು ಹೆಚ್ಚೋ ಎಂದು ಅವನು ಕೇಳುತ್ತಾನೆ. ಆದರೆ ಹಾಗಾದರೆ ಕಾರ್ನಿಷಿನಲ್ಲೇ ಪ್ರಾರ್ಥನೆ ಇರಲಿ ಎಂಬ ಮಾತು ಆ ಉತ್ತರದಲ್ಲಿ ಹೊರಡಲಿಲ್ಲ. ಒಂದನೆಯ ಕೊರಿಂಥದ ಹದಿನಾಲ್ಕನೆಯ ಅಧ್ಯಾಯವನ್ನು ಲತೀನಿನ ವಿರುದ್ಧ ಹಿಡಿದವರು ಅದನ್ನು ಇಂಗ್ಲಿಷಿನ ಕಡೆಗೆ ತಿರುಗಿಸಲಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಲಂಬಾಣಿಯನ್ನೋ ಆಡುವ ವಿಶ್ವಾಸಿಗಳ ಮುಂದೆ ಅಚ್ಚಕನ್ನಡದ ಆರಾಧನಾ ಕ್ರಮವನ್ನು ಓದುವ ನಮ್ಮ ಸಭಾಪಾಲಕರು ಈ ಸ್ಥಳದಲ್ಲಿ ತುಸು ನಿಂತು ಯೋಚಿಸಬಹುದು. ದಂಗೆಯಲ್ಲಿ ಸಾವಿರಾರು ಮಂದಿ ಸತ್ತರು. ಎಕ್ಸೆಟರಿನ ಸಂತ ಥಾಮಸ್ ದೇವಾಲಯದ ಪಾಲಕ ರಾಬರ್ಟ್ ವೆಲ್ಷನನ್ನು ಪೂಜಾವಸ್ತ್ರಗಳ ಸಮೇತ ಅವನದೇ ದೇವಾಲಯದ ಗೋಪುರದಿಂದ ನೇಣುಹಾಕಿದರು.

ವೇಲ್ಸಿನ ಕಥೆ ಬೇರೆಯಾಯಿತು. ೧೫೬೩ರ ಕಾಯಿದೆಯೊಂದು ಸತ್ಯವೇದವನ್ನೂ ಪ್ರಾರ್ಥನಾ ಪುಸ್ತಕವನ್ನೂ ವೆಲ್ಷಿಗೆ ಭಾಷಾಂತರಿಸುವಂತೆ ಆ ಕಡೆಯ ಬಿಷಪರಿಗೆ ಆಜ್ಞಾಪಿಸಿತು. ೧೫೬೭ರಲ್ಲಿ ವೆಲ್ಷ್ ಪ್ರಾರ್ಥನಾ ಪುಸ್ತಕವೂ ಹೊಸ ಒಡಂಬಡಿಕೆಯೂ, ೧೫೮೮ರಲ್ಲಿ ವಿಲಿಯಂ ಮಾರ್ಗನನ ಪೂರ್ಣ ಸತ್ಯವೇದವೂ ಹೊರಬಂದವು. ಆ ಭಾಷೆ ಇಂದಿಗೂ ಉಳಿದಿರುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ಕಾರ್ನಿಷಿಗೆ ಅಂಥ ಪುಸ್ತಕ ದೊರೆಯಲಿಲ್ಲ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಅದನ್ನು ಮನೆಮಾತಾಗಿ ಆಡುವವರೇ ಇಲ್ಲವಾಗಿದ್ದರು. ರಾಜ್ಯದ ಕಾಯಿದೆ ಭಾಷೆಯೊಂದನ್ನು ಪೋಷಿಸಬಲ್ಲುದೆಂಬುದಕ್ಕೂ ಕಡೆಗಣಿಸಬಲ್ಲುದೆಂಬುದಕ್ಕೂ ಇದಕ್ಕಿಂತ ಹತ್ತಿರದ ಎರಡು ಉದಾಹರಣೆಗಳು ಸಿಗಲಾರವು.

ಈಗ ಪುಸ್ತಕದ ಹೃದಯಕ್ಕೆ ಬರೋಣ. ಕರ್ತನ ಭೋಜನದಲ್ಲಿ ರೊಟ್ಟಿಯನ್ನು ಕೊಡುವಾಗ ಪಾಲಕನು ಹೇಳುವ ವಾಕ್ಯ ಹತ್ತು ವರ್ಷಗಳಲ್ಲಿ ಮೂರು ರೂಪಗಳನ್ನು ಪಡೆಯಿತು. ೧೫೪೯ರ ರೂಪದಲ್ಲಿ ಕರ್ತೃಪದ ಕ್ರಿಸ್ತನ ದೇಹ. ನಿನಗೋಸ್ಕರ ಒಪ್ಪಿಸಲ್ಪಟ್ಟ ಆ ದೇಹವು ನಿನ್ನ ದೇಹವನ್ನೂ ಆತ್ಮವನ್ನೂ ನಿತ್ಯಜೀವಕ್ಕಾಗಿ ಕಾಯಲಿ ಎಂಬುದು ಅದರ ತಾತ್ಪರ್ಯ. ಕೈಯೊಡ್ಡಿದವನು ಮಾಡಬೇಕಾದದ್ದನ್ನು ಅದು ಹೇಳುವುದಿಲ್ಲ. ೧೫೫೨ರ ಎರಡನೆಯ ಪುಸ್ತಕ ಈ ವಾಕ್ಯವನ್ನು ತೆಗೆದುಹಾಕಿತು. ಬದಲಿಗೆ ಬಂದದ್ದು ಆಜ್ಞಾರ್ಥಕ: ಕ್ರಿಸ್ತನ ಮರಣವನ್ನು ಸ್ಮರಿಸುತ್ತ ಇದನ್ನು ತಿನ್ನು, ನಂಬಿಕೆಯಿಂದಲೂ ಕೃತಜ್ಞತೆಯಿಂದಲೂ ಹೃದಯದಲ್ಲಿ ಆತನನ್ನೇ ಆಹಾರವಾಗಿಸಿಕೋ ಎಂಬ ಅರ್ಥ. ಇಲ್ಲಿ ರೊಟ್ಟಿಗೆ ಹೆಸರಿಲ್ಲ. ಅದು ಕೇವಲ 'ಇದು'. ಮೊದಲನೆಯದರಲ್ಲಿ ಮನುಷ್ಯನ ಕ್ರಿಯೆ ಮರೆಯಾದರೆ ಎರಡನೆಯದರಲ್ಲಿ ಕೊಡುವವನ ಕ್ರಿಯೆ ಹಿಂದೆ ಸರಿಯುತ್ತದೆ. ಮೊಣಕಾಲೂರುವುದು ರೊಟ್ಟಿಯ ಆರಾಧನೆಯಲ್ಲವೆಂಬ ಸ್ಪಷ್ಟೀಕರಣವನ್ನೂ, ಪುಸ್ತಕ ಅಚ್ಚಿನಲ್ಲಿದ್ದಾಗಲೇ, ಅರಸನ ಮಂತ್ರಾಲೋಚನಾ ಸಭೆ ಕೊನೆಯಲ್ಲಿ ಸೇರಿಸಿತು.

೧೫೫೯ರಲ್ಲಿ ಎರಡು ವಾಕ್ಯಗಳನ್ನೂ ಒಂದರ ಹಿಂದೆ ಒಂದಾಗಿ ಇಟ್ಟು ನಡುವೆ 'ಮತ್ತು' ಎಂಬ ಅರ್ಥದ ಸಣ್ಣ ಪದವೊಂದನ್ನು ಸೇರಿಸಿದರು. ಮೊಣಕಾಲಿನ ಸ್ಪಷ್ಟೀಕರಣವನ್ನು ಬಿಟ್ಟರು. ಲಿಟನಿಯಲ್ಲಿ ರೋಮಿನ ಬಿಷಪನನ್ನು ಹಳಿಯುತ್ತಿದ್ದ ವಿಜ್ಞಾಪನೆಯನ್ನೂ ಅಳಿಸಿದರು. ಇದನ್ನು ರಾಜಕೀಯ ಹೊಂದಾಣಿಕೆಯೆಂದು ಕರೆಯುವುದು ವಾಡಿಕೆ. ಉದ್ದೇಶ ಹಾಗೆಯೇ ಇದ್ದಿರಬಹುದು. ಆದರೆ ವಿಮರ್ಶಕನು ಉದ್ದೇಶಕ್ಕಿಂತ ಪಠ್ಯಕ್ಕೆ ಹೆಚ್ಚು ಋಣಿ. ಪಠ್ಯವನ್ನು ನೋಡಿದರೆ, ಜೋಡಿಸಿದ ಈ ವಾಕ್ಯ ತನ್ನ ಎರಡು ತಾಯಿವಾಕ್ಯಗಳಿಗಿಂತ ಉತ್ತಮ ದೈವಜ್ಞಾನವನ್ನು ಹೇಳುತ್ತದೆಂಬುದು ನಮ್ಮ ತೀರ್ಮಾನ. ಕೊಡುಗೆ ಮೊದಲು, ಸ್ವೀಕಾರ ನಂತರ. ಕ್ರಿಸ್ತನು ಕಾಯುವುದು ಮೊದಲು, ನಾವು ಸ್ಮರಿಸುವುದು ನಂತರ. ಕೃಪೆ ಮತ್ತು ನಂಬಿಕೆಗಳ ಸಂಬಂಧವನ್ನು ಕುರಿತು ಆ ಶತಮಾನದಲ್ಲಿ ಬರೆದ ದಪ್ಪ ಗ್ರಂಥಗಳು ಕೆಲವೊಮ್ಮೆ ಕಳೆದುಕೊಂಡ ಕ್ರಮವನ್ನು ಈ ವಾಕ್ಯ ತನ್ನ ವ್ಯಾಕರಣದಲ್ಲೇ ಹಿಡಿದಿಟ್ಟಿದೆ. ಮುಂದೆ ಮೊಣಕಾಲೂರಿದ ಮುದುಕಿ ಹಳೆಯ ಪೂಜೆಯನ್ನು ನೆನೆಯುವವಳಾದರೂ, ಅವಳ ಪಕ್ಕದ ನೇಯ್ಗೆಯವನು ಜಿನೀವದ ಬೋಧನೆಯನ್ನು ಮೆಚ್ಚಿದವನಾದರೂ, ಪಾಲಕನು ಇಬ್ಬರಿಗೂ ಎರಡು ಅರ್ಧಗಳನ್ನೂ ಹೇಳುತ್ತಾನೆ.

ಇನ್ನೊಂದು ಅಂಶ ಕನ್ನಡ ಓದುಗರಿಗೆ ಬೇಗ ಹೊಳೆಯುತ್ತದೆ. ಈ ವಾಕ್ಯದಲ್ಲಿ ಸಂಬೋಧನೆ ಏಕವಚನದ್ದು, 'ನಿನಗೋಸ್ಕರ' ಎಂಬುದು. ಹಿರಿಯರಿಗೆ ರೊಟ್ಟಿ ಕೊಡುವಾಗ 'ನೀನು' ಎನ್ನಲು ನಾಲಗೆ ಏಳದೆ ಬಹುವಚನಕ್ಕೆ ಜಾರುವ ನಮ್ಮ ಪಾಲಕರ ಸಂಕೋಚ ಎಲ್ಲರಿಗೂ ತಿಳಿದದ್ದೇ. ಆ ಕಾಲದ ಇಂಗ್ಲಿಷಿನಲ್ಲಿಯೂ ಅಂತಸ್ತಿನ ಭೇದ ಸರ್ವನಾಮದಲ್ಲಿ ಕಾಣುತ್ತಿತ್ತು. ಆದರೆ ಪ್ರಾರ್ಥನಾ ಪುಸ್ತಕ ಜಮೀನುದಾರನಿಗೊಂದು, ಕೂಲಿಯವನಿಗೊಂದು ವಾಕ್ಯವನ್ನು ಕೊಡಲಿಲ್ಲ. ರಾಣಿಗೂ ಬೇರೆ ವಾಕ್ಯವಿಲ್ಲ. ಮಹಾ ಸತ್ಯವೇದದ ಮುಖಪುಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ವಾಕ್ಯ ಇಲ್ಲಿ ಒಂದೇ ಎತ್ತರದಲ್ಲಿ, ಒಬ್ಬೊಬ್ಬರ ಕೈಗೆ ಬರುತ್ತದೆ.

ಇಷ್ಟನ್ನು ಓದಿ ಮತ್ತೆ ಮೊದಲ ಪುಟಗಳಿಗೆ ಹೋದರೆ ಏನಿದೆ? ಈ ಕ್ರಮವನ್ನು ಬಿಟ್ಟು ಬೇರೆ ಕ್ರಮವನ್ನು ಬಳಸಿದ, ಅಥವಾ ಇದರ ವಿರುದ್ಧ ಬೋಧಿಸಿದ ಪಾಲಕನಿಗೆ ಮೊದಲ ಸಲ ಒಂದು ವರ್ಷದ ವರಮಾನ ನಷ್ಟ ಮತ್ತು ಆರು ತಿಂಗಳ ಸೆರೆ. ಎರಡನೆಯ ಸಲ ಒಂದು ವರ್ಷದ ಸೆರೆ ಮತ್ತು ಪದಚ್ಯುತಿ. ಮೂರನೆಯ ಸಲ ಜೀವಾವಧಿ ಸೆರೆ. ಭಾನುವಾರ ಮತ್ತು ಹಬ್ಬದ ದಿನ ಸಕಾರಣವಿಲ್ಲದೆ ತನ್ನ ಸಭೆಗೆ ಬಾರದ ಪ್ರಜೆಗೆ ಪ್ರತಿ ಸಲ ಹನ್ನೆರಡು ಪೆನ್ಸ್ ದಂಡ. ಅದು ಸಾಮಾನ್ಯ ಕೂಲಿಯವನ ಒಂದು ದಿನದ ಕೂಲಿಗಿಂತ ಹೆಚ್ಚು. ದಂಡವನ್ನು ವಸೂಲಿ ಮಾಡಬೇಕಾದವರು ಸಭೆಯ ವಾರ್ಡನರು, ಹಣ ಸೇರಬೇಕಾದದ್ದು ಆ ಸಭೆಯ ಬಡವರಿಗೆ. ಬಡವನು ಗೈರುಹಾಜರಾದರೆ ಅವನ ಹಣ ಯಾವ ಬಡವನಿಗೆ ಹೋಗಬೇಕೆಂದು ಕಾಯಿದೆ ಹೇಳುವುದಿಲ್ಲ. ೧೫೮೧ರ ಹೊತ್ತಿಗೆ ಗೈರುಹಾಜರಿಯ ದಂಡ ತಿಂಗಳಿಗೆ ಇಪ್ಪತ್ತು ಪೌಂಡಿಗೆ ಏರಿತು. ರಾಣಿಗೆ ಜನರ ಅಂತರಂಗದಲ್ಲಿ ಇಣುಕಿನೋಡುವ ಇಚ್ಛೆಯಿರಲಿಲ್ಲವೆಂಬ ಮಾತನ್ನು ಅವಳದೇ ಮಾತೆಂಬಂತೆ ಉದ್ಧರಿಸುವುದುಂಟು. ಆ ರೂಪಕ ಫ್ರಾನ್ಸಿಸ್ ಬೇಕನನ ಲೇಖನಿಯದು. ಅಂತರಂಗ ಹೇಗೇ ಇರಲಿ, ಬಾಗಿಲಲ್ಲಿ ತಲೆ ಎಣಿಸುವವರು ನಿಂತಿದ್ದರು.

ವಿಶ್ವಾಸಿಗೆ ಎರಡು ಅರ್ಧಗಳಲ್ಲಿ ಯಾವುದರ ಮೇಲೆ ಮನಸ್ಸನ್ನು ಊರಬೇಕೆಂಬ ಸ್ವಾತಂತ್ರ್ಯವಿತ್ತು. ಅದನ್ನು ಉಚ್ಚರಿಸುವ ಪಾಲಕನಿಗೆ ಒಂದು ಅರ್ಧವನ್ನು ಬಿಡುವ ಸ್ವಾತಂತ್ರ್ಯವಿರಲಿಲ್ಲ. ಔದಾರ್ಯದ ವಾಕ್ಯವೊಂದನ್ನು ಶಿಕ್ಷೆಯ ಭಯದಿಂದ ಹೇಳಿಸಿದಾಗ ಆ ವಾಕ್ಯಕ್ಕೆ ಏನಾಗುತ್ತದೆ? ಮಧ್ಯಮಾರ್ಗವನ್ನು ಹೊಗಳುವ ಪಠ್ಯಪುಸ್ತಕಗಳು ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಸಭೆಯ ಈ ಕ್ರಮವನ್ನು ಸಭೆಯ ಮೇಲ್ವಿಚಾರಕರು ಒಪ್ಪಿರಲೂ ಇಲ್ಲ. ಹೌಸ್ ಆಫ್ ಲಾರ್ಡ್ಸಿನಲ್ಲಿ ಹಾಜರಿದ್ದ ಬಿಷಪರೆಲ್ಲ ವಿರೋಧಿಸಿದರು, ಇಬ್ಬರು ಬಿಷಪರು ಆಗ ಲಂಡನ್ ಗೋಪುರದ ಸೆರೆಯಲ್ಲಿದ್ದರು, ಮೂರೇ ಮತಗಳ ಅಂತರದಿಂದ ಕಾಯಿದೆ ಗೆದ್ದಿತು. ಲಾರ್ಡರ ಮತ್ತು ಪ್ರತಿನಿಧಿಗಳ ಸಮ್ಮತಿಯಿಂದ ಎಂದು ಬರೆಯುವಾಗ 'ಆತ್ಮಿಕ ಲಾರ್ಡರ' ಎಂಬ ವಾಡಿಕೆಯ ಪದವನ್ನು ಅದು ಮೌನವಾಗಿ ಬಿಟ್ಟುಬಿಟ್ಟಿದೆ. ಆ ಮೌನ ಕಾಯಿದೆಯಲ್ಲಿ ನಮಗೆ ಕಾಣುವ ಅತ್ಯಂತ ಪ್ರಾಮಾಣಿಕ ಸ್ಥಳ.

ಪರಮಾಧಿಕಾರದ ಸಿದ್ಧಾಂತ ಒಬ್ಬ ಮನುಷ್ಯನ ಆತ್ಮವನ್ನು ಯಾವ ಸ್ಥಿತಿಗೆ ತಂದಿತೆಂಬುದಕ್ಕೆ ಕ್ರ್ಯಾನ್ಮರನೇ ಸಾಕ್ಷಿ. ೧೫೫೫ರ ಸೆಪ್ಟೆಂಬರಿನಲ್ಲಿ, ಮೇರಿಯ ಆಳ್ವಿಕೆಯಲ್ಲಿ, ಆಕ್ಸ್‌ಫರ್ಡಿನಲ್ಲಿ ನಡೆದ ವಿಚಾರಣೆಯನ್ನು ಜಾನ್ ಫಾಕ್ಸ್ ದಾಖಲಿಸಿದ್ದಾನೆ. ಸಭೆಯ ಶಿರಸ್ಸು ಯಾರು ಎಂದು ಡಾಕ್ಟರ್ ಮಾರ್ಟಿನ್ ಕೇಳಿದಾಗ ಕ್ರಿಸ್ತನೆಂದು ಕ್ರ್ಯಾನ್ಮರ್ ಉತ್ತರಿಸಿದನು. ಭೂಮಿಯ ಮೇಲೆ ಯಾರೂ ಇಲ್ಲವೇ ಎಂದಾಗ ಇಲ್ಲವೆಂದನು. ಹಾಗಾದರೆ ಹೆನ್ರಿಗೆ ಇದನ್ನು ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಬಂತು. ಪ್ರತಿ ಅರಸನೂ ತನ್ನ ರಾಜ್ಯದಲ್ಲಿ ಶಿರಸ್ಸೆಂದು ಅವನು ತಿದ್ದಿಕೊಂಡನು. ಪ್ರಶ್ನಿಸುವವನು ಅಲ್ಲಿಗೇ ಬಿಡಲಿಲ್ಲ: ಹಾಗಾದರೆ ನೀರೋ ಸಭೆಯ ಶಿರಸ್ಸಾಗಿದ್ದನೇ? ದೇಹಸಂಬಂಧವಾದ ಅಧಿಕಾರದಲ್ಲಿ ಆಗಿದ್ದನು ಎಂಬ ಅರ್ಥದ ಉತ್ತರವನ್ನು ಕ್ರ್ಯಾನ್ಮರ್ ಕೊಡಬೇಕಾಯಿತು. ವಾದದಲ್ಲಿ ಅವನು ಸೋತದ್ದು ಅಲ್ಲಿಯೇ. ರೋಮಾಪುರದವರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯವನ್ನು ಇಪ್ಪತ್ತು ವರ್ಷ ಒಂದೇ ರೀತಿ ಓದಿದವನಿಗೆ, ದೇವರು ನೇಮಿಸಿದ ಅರಸಿಯೇ ಪೋಪನಿಗೆ ವಿಧೇಯನಾಗು ಎಂದಾಗ ನಿಲ್ಲಲು ನೆಲವಿರಲಿಲ್ಲ. ಆಮೇಲೆ ಅವನು ಬರೆದುಕೊಟ್ಟ ತಪ್ಪೊಪ್ಪಿಗೆಗಳನ್ನು ಬರೀ ಹೇಡಿತನವೆಂದು ಬೋಧಿಸುವವರು ಅವನಿಗೆ ಅನ್ಯಾಯ ಮಾಡುತ್ತಾರೆ. ಅವುಗಳಲ್ಲಿ ಭಯವಿತ್ತು, ಅವನದೇ ಸಿದ್ಧಾಂತದ ತರ್ಕವೂ ಇತ್ತು. ೧೫೫೬ರ ಮಾರ್ಚ್ ೨೧ರಂದು, ಆ ಪತ್ರಗಳಿಗೆ ಸಹಿಹಾಕಿದ ಬಲಗೈಯನ್ನು ಮೊದಲು ಬೆಂಕಿಗೆ ಒಡ್ಡಿದಾಗ ಅವನು ಸಿದ್ಧಾಂತದ ಆಚೆಗೆ ಹೋಗಿದ್ದನು. ಮೇರಿಯ ಕೊನೆಯ ನಾಲ್ಕು ವರ್ಷಗಳಲ್ಲಿ ಹಾಗೆ ಸುಟ್ಟವರ ಸಂಖ್ಯೆ ಸುಮಾರು ೨೮೦. ಅವರಲ್ಲಿ ಬಹುಮಂದಿ ನೇಯ್ಗೆಯವರು, ಕೂಲಿಗಳು, ವಿಧವೆಯರು. ೧೫೪೩ರಲ್ಲಿ ಸತ್ಯವೇದವನ್ನು ಯಾರ ಕೈಯಿಂದ ಕಿತ್ತುಕೊಂಡರೋ ಅಂಥವರೇ.

ಎಲಿಜಬೆತಳು 'ಶಿರಸ್ಸು' ಎಂಬುದನ್ನು ಬಿಟ್ಟು 'ಪರಮ ಆಡಳಿತಗಾರಳು' ಎಂಬ ಬಿರುದನ್ನು ತೆಗೆದುಕೊಂಡಳು. ಪದ ಮೆತ್ತಗಾಯಿತು. ಅಧಿಕಾರ ಮೆತ್ತಗಾಯಿತೇ ಎಂಬುದನ್ನು ಆರ್ಚ್‌ಬಿಷಪ್ ಎಡ್ಮಂಡ್ ಗ್ರಿಂಡಲನ ಪ್ರಸಂಗದಲ್ಲಿ ನೋಡಬೇಕು. ನಮ್ಮ ಪಠ್ಯಕ್ರಮದಲ್ಲಿ ಇವನಿಗೆ ಎರಡು ಸಾಲು ಸಿಕ್ಕರೆ ಹೆಚ್ಚು. ಸಭಾಪಾಲಕರಾಗಲಿರುವವರಿಗೆ ಆ ಕಾಲದ ಇತರ ಬಿಷಪರಿಗಿಂತ ಇವನೇ ಮುಖ್ಯನೆಂದು ನಾವು ಎಣಿಸುತ್ತೇವೆ. ಆಗ ಅನೇಕ ಊರುಗಳಲ್ಲಿ ಪಾಲಕರು ಒಟ್ಟುಗೂಡಿ ಸತ್ಯವೇದದ ಒಂದು ಭಾಗವನ್ನು ಸರದಿಯಾಗಿ ವಿವರಿಸಿ, ಪರಸ್ಪರ ತಿದ್ದಿಕೊಳ್ಳುವ ಕೂಟಗಳಿದ್ದವು. 'ಪ್ರವಾದನೆ' ಎಂದು ಅವುಗಳಿಗೆ ಹೆಸರು. ಸಾಮಾನ್ಯ ಜನರೂ ಬಂದು ಕೇಳುತ್ತಿದ್ದರು. ಇವನ್ನು ನಿಲ್ಲಿಸಬೇಕು, ಒಂದು ಪ್ರಾಂತಕ್ಕೆ ಮೂರು ನಾಲ್ಕು ಬೋಧಕರು ಸಾಕು ಎಂಬುದು ರಾಣಿಯ ಇಷ್ಟ. ಗ್ರಿಂಡಲ್ ೧೫೭೬ರ ಡಿಸೆಂಬರಿನಲ್ಲಿ ಅವಳಿಗೆ ದೀರ್ಘ ಪತ್ರವೊಂದನ್ನು ಬರೆದನು. ಕೂಟಗಳಲ್ಲಿ ದುರುಪಯೋಗವಿದ್ದರೆ ತಿದ್ದುತ್ತೇನೆ, ನಿಲ್ಲಿಸುವ ಆಜ್ಞೆಯನ್ನು ಮನಸ್ಸಾಕ್ಷಿಯಿಂದ ಹೊರಡಿಸಲಾರೆ, ಭೂಲೋಕದ ಪ್ರಭುತ್ವವನ್ನು ನೋಯಿಸುವುದು ಪರಲೋಕದ ಪ್ರಭುತ್ವವನ್ನು ನೋಯಿಸುವುದಕ್ಕಿಂತ ಲೇಸು, ನಂಬಿಕೆಯ ವಿಷಯಗಳಲ್ಲಿ ಲೌಕಿಕ ವಿಷಯಗಳಲ್ಲಿರುವಂತೆ ಖಂಡತುಂಡವಾಗಿ ತೀರ್ಪು ಕೊಡಬೇಡಿರಿ, ನೀವೂ ಮರ್ತ್ಯರು. ಇದು ಪತ್ರದ ಸಾರ. ಚಕ್ರವರ್ತಿ ಥಿಯೊಡೋಸಿಯಸನನ್ನು ತಡೆದ ಅಂಬ್ರೋಸನನ್ನು ಅವನು ನೆನಪಿಸುತ್ತಾನೆ. ಪದವಿಯನ್ನು ಬಿಟ್ಟುಕೊಡಲೂ ಸಿದ್ಧನೆನ್ನುತ್ತಾನೆ.

ಪತ್ರದ ಗುಣ ಅದರ ಧೈರ್ಯದಲ್ಲಿ ಮಾತ್ರ ಇಲ್ಲ. ಗ್ರಿಂಡಲ್ ಕಾಯಿದೆಯನ್ನು ತಿರಸ್ಕರಿಸಲಿಲ್ಲ, ರಾಣಿಯ ಆಡಳಿತಾಧಿಕಾರವನ್ನೂ ಅಲ್ಲಗಳೆಯಲಿಲ್ಲ. ಅದೇ ಕಾಯಿದೆಯ ಒಳಗೆ ನಿಂತು, ಬೋಧನೆಯ ಬಾಗಿಲಲ್ಲಿ ಒಂದು ಗೆರೆಯನ್ನು ಎಳೆದನು. ಕ್ರ್ಯಾನ್ಮರನಿಗೆ ಬೆಂಕಿಯ ಮುಂದೆ ಸಿಕ್ಕ ಗೆರೆ ಇವನಿಗೆ ಬರವಣಿಗೆಯ ಮೇಜಿನ ಬಳಿ ಸಿಕ್ಕಿತು. ಫಲವೇನು? ೧೫೭೭ರಲ್ಲಿ ರಾಣಿ ಬಿಷಪರಿಗೆ ತಾನೇ ಆಜ್ಞಾಪತ್ರಗಳನ್ನು ಕಳುಹಿಸಿ ಕೂಟಗಳನ್ನು ನಿಲ್ಲಿಸಿದಳು, ಆರ್ಚ್‌ಬಿಷಪನನ್ನು ಅಧಿಕಾರದಿಂದ ಅಮಾನತಿನಲ್ಲಿಟ್ಟಳು. ೧೫೮೩ರಲ್ಲಿ ಕುರುಡನಾಗಿ ಸಾಯುವವರೆಗೂ ಅವನು ಪದವಿಯಿದ್ದೂ ಅಧಿಕಾರವಿಲ್ಲದವನಂತೆಯೇ ಇದ್ದನು. ರಾಜ್ಯಕ್ಕೆ ಬೇಕಾದದ್ದು ಓದಿಹೇಳುವ ಪಾಲಕರೇ ಹೊರತು ವ್ಯಾಖ್ಯಾನಿಸುವ ಪಾಲಕರಲ್ಲ. ಓದುವ ಪುಸ್ತಕ ಸಿದ್ಧವಿತ್ತು, ಕಾಯಿದೆಯ ಸಮೇತ.

ಈ ವ್ಯವಸ್ಥೆಗೆ ಅತ್ಯುನ್ನತ ಸಮರ್ಥನೆಯನ್ನು ಕೊಟ್ಟವನು ರಿಚರ್ಡ್ ಹುಕರ್. ಸಭೆಯೂ ರಾಜ್ಯವೂ ಒಂದೇ ಜನಸಮುದಾಯದ ಎರಡು ಮುಖಗಳು, ಆದುದರಿಂದ ಒಂದೇ ಅಧಿಕಾರ ಎರಡನ್ನೂ ಕಾಯಬಹುದು ಎಂಬ ಅವನ ವಾದ ಗಂಭೀರವಾದದ್ದು. ವಿದ್ಯಾರ್ಥಿಗಳು ಅದನ್ನು ಓದಲೇಬೇಕು. ಆದರೆ ಅವನ ಮಹಾಗ್ರಂಥದ ಮೊದಲ ನಾಲ್ಕು ಭಾಗಗಳು ಪ್ರಕಟವಾದ ೧೫೯೩ನೆಯ ವರ್ಷದಲ್ಲೇ ಹೆನ್ರಿ ಬ್ಯಾರೋ, ಜಾನ್ ಗ್ರೀನ್‌ವುಡ್, ಜಾನ್ ಪೆನ್ರಿ ಎಂಬ ಮೂವರನ್ನು ನೇಣುಹಾಕಲಾಯಿತು. ಒಡಂಬಟ್ಟು ಕೂಡಿದ ವಿಶ್ವಾಸಿಗಳೇ ಸಭೆ, ಅದಕ್ಕೆ ಅರಸರ ಆಜ್ಞೆ ಬೇಕಿಲ್ಲ ಎಂಬುದು ಅವರ ಬೋಧನೆ. ಹುಕರನ ವಾದ ನಿಲ್ಲಬೇಕಾದರೆ ರಾಜ್ಯದ ಪ್ರತಿಯೊಬ್ಬನೂ ಆ ಸಭೆಯವನಾಗಿರಬೇಕು. ಹಾಗಿರಲಿಲ್ಲವೆಂಬುದಕ್ಕೆ ಈ ಮೂವರು ಸಾಕ್ಷಿ. ಬಲಿಪೂಜೆಗೆ ಆಶ್ರಯ ಕೊಟ್ಟದ್ದಕ್ಕಾಗಿ ೧೫೮೬ರಲ್ಲಿ ಯಾರ್ಕಿನಲ್ಲಿ ಭಾರದ ಕೆಳಗೆ ಅರೆದು ಕೊಂದ ಮಾರ್ಗರೆಟ್ ಕ್ಲಿಥರೋ ಇನ್ನೊಂದು ಕಡೆಯ ಸಾಕ್ಷಿ.

ಮುಂದಿನ ಶತಮಾನವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಮೊದಲನೆಯ ಚಾರ್ಲ್ಸ್ ೧೬೩೭ರಲ್ಲಿ ಸ್ಕಾಟ್ಲೆಂಡಿನ ಮೇಲೆ ಹೊರಿಸಿದ ಪುಸ್ತಕದಲ್ಲಿ ವಿತರಣಾ ವಾಕ್ಯದ ಎರಡನೆಯ ಅರ್ಧ ಕಾಣೆಯಾಗಿತ್ತು. ಎಡಿನ್‌ಬರೋದ ಸಂತ ಜೈಲ್ಸ್ ದೇವಾಲಯದಲ್ಲಿ ಅದನ್ನು ಓದಿದ ದಿನವೇ ಗಲಭೆಯೆದ್ದಿತು. ೧೬೪೫ರಲ್ಲಿ ಪಾರ್ಲಿಮೆಂಟು ಪ್ರಾರ್ಥನಾ ಪುಸ್ತಕವನ್ನೇ ರದ್ದುಮಾಡಿತು, ಅದನ್ನು ಬಳಸಿದ್ದಕ್ಕೆ ಮೊದಲ ಸಲ ಐದು ಪೌಂಡು, ಎರಡನೆಯ ಸಲ ಹತ್ತು ಪೌಂಡು, ಮೂರನೆಯ ಸಲ ಒಂದು ವರ್ಷದ ಸೆರೆಯೆಂದು ಗೊತ್ತುಮಾಡಿತು. ಪುಸ್ತಕ ಹೋಯಿತು, ಅದರ ಮೊದಲ ಪುಟಗಳು ಉಳಿದವು. ೧೬೬೨ರಲ್ಲಿ ಪುಸ್ತಕ ಮರಳಿದಾಗ ಒಪ್ಪದ ಸುಮಾರು ಎರಡು ಸಾವಿರ ಪಾಲಕರು ಸ್ಥಾನ ಕಳೆದುಕೊಂಡಿದ್ದರು.

ಈ ಎರಡು ಪರಂಪರೆಗಳೂ ನಮ್ಮ ನಾಡಿಗೆ ಬಂದವು. ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಸತ್ಯವೇದದ ಭಾಷಾಂತರಕ್ಕೆ ಕೈಹಚ್ಚಿದ ಜಾನ್ ಹ್ಯಾಂಡ್ಸನ ಲಂಡನ್ ಮಿಶನ್ ಬಹುಮಟ್ಟಿಗೆ ಕಾಂಗ್ರಿಗೇಷನಲ್ ಜನರ ಬೆಂಬಲದ್ದು. ಬ್ಯಾರೋ ಮತ್ತು ಪೆನ್ರಿ ಅವರನ್ನು ತಮ್ಮ ಪೂರ್ವಿಕರೆಂದು ನೆನೆಯುವವರದು. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅವರ ಆತ್ಮಿಕ ಮಕ್ಕಳೂ ಏಕರೂಪತೆಯ ಕಾಯಿದೆಯ ಆತ್ಮಿಕ ಮಕ್ಕಳೂ ಒಂದೇ ಮೇಜಿಗೆ ಬಂದರು. ಆ ಸಭೆಯ ಸಂವಿಧಾನ, ಕೂಡಿಕೊಂಡ ಸಭೆಗಳಲ್ಲಿ ಐಕ್ಯಕ್ಕೆ ಮೊದಲು ಬಳಕೆಯಲ್ಲಿದ್ದ ಯಾವ ಆರಾಧನಾ ಕ್ರಮವನ್ನೂ ನಿಷೇಧಿಸಕೂಡದೆಂದೂ, ಪಾಲಕನೂ ಸಭೆಯೂ ಒಪ್ಪದೆ ರೂಢಿಯ ಕ್ರಮವನ್ನು ಬದಲಾಯಿಸಕೂಡದೆಂದೂ ವಿಧಿಸಿತು. ೧೫೫೯ರ ಕಾಯಿದೆಯನ್ನು ಓದಿ ಅದರ ಬೆನ್ನಿಗೇ ಈ ವಿಧಿಯನ್ನು ಓದಿದವರಿಗೆ, ಇದನ್ನು ಬರೆದವರು ಆ ಮೊದಲ ಪುಟಗಳನ್ನು ಮರೆತಿರಲಿಲ್ಲವೆಂಬುದು ತಿಳಿಯುತ್ತದೆ. ಆದರೆ ಅರಸನ ಬಳಿಗೆ ಹೋಗುವ ಅಭ್ಯಾಸ ಅರಸನಿಲ್ಲದೆಯೂ ಉಳಿಯುತ್ತದೆ. ಆರಾಧನಾ ಕ್ರಮಕ್ಕಾಗಿ ಅಲ್ಲದಿದ್ದರೂ ಪದವಿಗಾಗಿ, ಚುನಾವಣೆಗಾಗಿ, ಆಸ್ತಿಗಾಗಿ ನಮ್ಮ ಸಭೆಗಳು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಇಂದು ಅಪರೂಪವಲ್ಲ. ತಡೆಯಾಜ್ಞೆಯ ಪ್ರತಿ ಬಾಗಿಲಿಗೆ ಅಂಟಿರುವಾಗಲೇ ಒಳಗೆ ಕರ್ತನ ಭೋಜನ ನಡೆಯುವ ಸಂದರ್ಭಗಳಿವೆ.

ಏಕರೂಪತೆಯ ಕಾಯಿದೆ ಮತ್ತು ಗ್ರಿಂಡಲನ ಪತ್ರ ಇವೆರಡೂ ಕನ್ನಡದಲ್ಲಿ, ಟಿಪ್ಪಣಿಗಳ ಸಮೇತ, ವಿದ್ಯಾರ್ಥಿಗಳ ಕೈಗೆ ಸಿಗಬೇಕು. ಆರಾಧನಾಶಾಸ್ತ್ರದ ತರಗತಿಯಲ್ಲಿ ಪ್ರಾರ್ಥನಾ ಪುಸ್ತಕವನ್ನು ತೆರೆದಾಗ ಮೊದಲ ಪುಟದಿಂದಲೇ ಓದಿಸಬೇಕು. ವಿತರಣಾ ವಾಕ್ಯದ ಸೌಂದರ್ಯವನ್ನು ವಿವರಿಸುವ ಗಂಟೆಯಲ್ಲೇ, ಆ ವಾಕ್ಯವನ್ನು ಮೊದಲ ಬಾರಿ ಉಚ್ಚರಿಸಿದ ಹಳ್ಳಿಯ ಪಾಲಕನಿಗೆ ಅದನ್ನು ಬಿಟ್ಟರೆ ಎಷ್ಟು ತಿಂಗಳ ಸೆರೆಯಾಗುತ್ತಿತ್ತೆಂದು ಯಾರಾದರೂ ವಿದ್ಯಾರ್ಥಿ ಕೇಳಿದರೆ, ಅಧ್ಯಾಪಕರು ಪುಟ ಮಗುಚಿ ತೋರಿಸುವಂತಿರಬೇಕು.